ಬಾಯಿಮಾತಿಗೂ ಸಾಕ್ಷ್ಯದ ಸ್ಥಾನ: ಇತಿಹಾಸಕಾರ ಯಾನ್ ವಾನ್ಸಿನಾ

ಇತಿಹಾಸ ಎಂದ ಕೂಡಲೇ ನಿಮ್ಮ ಕಣ್ಣೆದುರು ಏನು ಬರುತ್ತದೆ? ಶಿಲಾಶಾಸನ, ತಾಮ್ರಪಟ, ನಾಣ್ಯ, ಅರಸರ ಫರ್ಮಾನು, ಪ್ರವಾಸಿಗಳು ಬರೆದಿಟ್ಟ ಗ್ರಂಥ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಆಕರಗಳು ಇವೇ. ಬರೆದಿಟ್ಟದ್ದು ಇತಿಹಾಸ, ಹೇಳಿಕೊಂಡು ಬಂದದ್ದು ಕಟ್ಟುಕಥೆ ಎಂಬ ನಂಬಿಕೆ ನಮಗರಿವಿಲ್ಲದೆಯೇ ನಮ್ಮೊಳಗೆ ಬೇರೂರಿದೆ. ಹಾಗಾದರೆ ಬರಹದ ರೂಢಿಯೇ ಇಲ್ಲದಿದ್ದ ಜನರ ಗತಿಯೇನು? ಅವರ ಪೂರ್ವಜರು ರಾಜ್ಯ ಕಟ್ಟಲಿಲ್ಲವೇ? ಯುದ್ಧ, ಬರ, ವಲಸೆಗಳನ್ನು ಕಾಣಲಿಲ್ಲವೇ?

ಕಳೆದ ಶತಮಾನದ ಮಧ್ಯಭಾಗದವರೆಗೂ ಯುರೋಪಿನ ಬಹುಪಾಲು ವಿದ್ವಾಂಸರು ಈ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. 1963ರಷ್ಟು ಈಚೆಗೆ ಕೂಡ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಾಂತ ಪ್ರಾಧ್ಯಾಪಕ ಹ್ಯೂ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಇರುವುದು ಯುರೋಪಿಯನ್ನರ ಇತಿಹಾಸ ಮಾತ್ರ, ಉಳಿದದ್ದೆಲ್ಲ ಕತ್ತಲೆ ಎಂಬರ್ಥದ ಮಾತನ್ನು ಸಾರ್ವಜನಿಕವಾಗಿ ಆಡಿದರು. ತಿಂಬಕ್ತುವಿನ ಅರಬಿ ಹಸ್ತಪ್ರತಿಗಳು, ಇಬ್ನ್ ಬತೂತಾ ಅವರ ಪ್ರವಾಸ ವೃತ್ತಾಂತ, ಇಥಿಯೋಪಿಯಾದ ಪ್ರಾಚೀನ ಬರಹಗಳು ಆಗಲೂ ಇದ್ದವು. ಆದರೆ ಆಫ್ರಿಕಾದ ಮಧ್ಯಭಾಗದ ಕಾಡು ಮತ್ತು ಹುಲ್ಲುಗಾವಲಿನ ನಾಡುಗಳಲ್ಲಿ ಅಂಥ ಬರಹ ಇರಲಿಲ್ಲ. ಅಲ್ಲಿದ್ದದ್ದು ಜನರ ನೆನಪು ಮಾತ್ರ. ಆ ನೆನಪನ್ನು ಇತಿಹಾಸದ ಆಕರವೆಂದು ಒಪ್ಪಿ, ಅದನ್ನು ಪರೀಕ್ಷಿಸುವ ಕ್ರಮವನ್ನು ವಿದ್ವತ್ ಜಗತ್ತಿಗೆ ಕಲಿಸಿಕೊಟ್ಟವರಲ್ಲಿ ಅಗ್ರಗಣ್ಯರು ಯಾನ್ ವಾನ್ಸಿನಾ. ಇಂದು ನಿಮಗೆ ಪರಿಚಯಿಸಲು ಹೊರಟಿರುವುದು ಅವರನ್ನೇ.

ತಲೆಯೊಳಗಿನ ಪತ್ರಿಕೆ

ವಾನ್ಸಿನಾ ಹುಟ್ಟಿದ್ದು 1929ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ. ಲೂವೆನ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಆಫ್ರಿಕಾದ ವಿಷಯವನ್ನಲ್ಲ, ಯುರೋಪಿನ ಮಧ್ಯಯುಗದ ಇತಿಹಾಸವನ್ನು. ಒಂದು ಹಳೆಯ ಪ್ರತಿ ಕೈಗೆ ಸಿಕ್ಕಾಗ ಬರೆದವರು ಯಾರು, ಯಾವಾಗ ಬರೆದರು, ಯಾವ ಉದ್ದೇಶಕ್ಕೆ ಬರೆದರು, ನಕಲು ಮಾಡಿದವರು ಏನನ್ನು ಸೇರಿಸಿದರು, ಏನನ್ನು ಬಿಟ್ಟರು ಎಂದು ಒಂದೊಂದಾಗಿ ವಿಚಾರಿಸುವ ಕಟ್ಟುನಿಟ್ಟಿನ ಶಿಸ್ತು ಅದು. ಸತ್ತವರನ್ನು ಕುರಿತ ಮಧ್ಯಯುಗದ ಶೋಕಗೀತೆಗಳ ಮೇಲೂ ಅವರು ಅಭ್ಯಾಸ ಮಾಡಿದ್ದರು.

ಓದು ಮುಗಿದ ಮೇಲೆ ಅವರಿಗೆ ಸಿಕ್ಕ ಕೆಲಸ ಬೇರೆಯೇ ಬಗೆಯದು. ಅಂದು ಬೆಲ್ಜಿಯಂನ ವಸಾಹತುವಾಗಿದ್ದ ಕಾಂಗೋದಲ್ಲಿ ಒಂದು ಸಂಶೋಧನಾ ಸಂಸ್ಥೆ ಇತ್ತು. ಅದರ ಪರವಾಗಿ ಮಾನವಶಾಸ್ತ್ರದ ಅಧ್ಯಯನಕ್ಕೆಂದು ಅವರು 1952ರ ಕೊನೆಯಲ್ಲಿ ಕಾಂಗೋದ ಕಸಾಯಿ ಪ್ರಾಂತಕ್ಕೆ, ಕುಬಾ ಜನರ ನಾಡಿಗೆ ಹೋದರು. ಕುಬಾ ಎಂಬುದು ಹಲವು ಶತಮಾನಗಳ ರಾಜ್ಯ. ಮರದ ಕೆತ್ತನೆಗೂ ರಾಫಿಯಾ ನಾರಿನ ಬಟ್ಟೆಗೂ ಹೆಸರಾದದ್ದು. ವಾನ್ಸಿನಾ ಅಲ್ಲಿ ಬುಶೋಂಗ್ ಭಾಷೆ ಕಲಿತರು. ಆಗ ಅವರ ವಯಸ್ಸು ಇಪ್ಪತ್ಮೂರು.

ಅಲ್ಲಿ ಒಂದು ದಿನ ಕುಬಾ ಜನರಲ್ಲೊಬ್ಬರು ಅವರಿಗೆ ಒಂದು ಮಾತು ಹೇಳಿದರು. ನಿಮ್ಮ ಹಾಗೆ ನಮಗೂ ಪತ್ರಿಕೆಗಳಿವೆ, ನಮ್ಮವು ಕಾಗದದ ಮೇಲಿಲ್ಲ, ತಲೆಯೊಳಗಿವೆ ಎಂಬುದು ಆ ಮಾತಿನ ತಾತ್ಪರ್ಯ. ಹಾಗೆಂದು ಹೇಳಿ ಅವರು ಹಿಂದಿನ ಸಂಗತಿಗಳನ್ನು ಹೇಳುವ ಕೆಲವು ಚಿಕ್ಕ ಪದ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸಿದರು. ಕೇಳುತ್ತ ಕುಳಿತ ವಾನ್ಸಿನಾ ಅವರಿಗೆ ಹೊಳೆದದ್ದು ಇದು: ಲೂವೆನ್ನಿನಲ್ಲಿ ತಾವು ಓದಿದ ಶೋಕಗೀತೆಗಳೂ ಇಂಥವೇ ಅಲ್ಲವೇ? ಅವೂ ಒಮ್ಮೆ ಬಾಯಿಂದ ಬಾಯಿಗೆ ಬಂದವು, ಆಮೇಲೆ ಯಾರೋ ಬರೆದಿಟ್ಟರು. ಅವುಗಳನ್ನು ಪರೀಕ್ಷಿಸಿ ಇತಿಹಾಸ ಬರೆಯಬಹುದಾದರೆ, ಅದೇ ಪರೀಕ್ಷೆಯನ್ನು ಈ ಪದ್ಯಗಳಿಗೂ ಏಕೆ ಮಾಡಬಾರದು?

ಓದುಗರೇ, ಈ ಪ್ರಶ್ನೆ ಇಂದು ನಮಗೆ ಸರಳವಾಗಿ ಕಾಣಬಹುದು. ಆದರೆ ಒಬ್ಬ ಆಫ್ರಿಕನ್ ಹಳ್ಳಿಗನ ಮಾತನ್ನೂ ಯುರೋಪಿನ ಮಠದ ಹಸ್ತಪ್ರತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಎಂದು ವಸಾಹತು ಆಳ್ವಿಕೆಯ ಆ ಕಾಲದಲ್ಲಿ ಹೇಳುವುದು ಸಣ್ಣ ಸಂಗತಿಯಾಗಿರಲಿಲ್ಲ.

ಒಂದು ಸೂರ್ಯಗ್ರಹಣದ ನೆನಪು

ಕುಬಾ ಜನರ ನೆನಪಿನ ಶಕ್ತಿಗೆ ಹೊರಗಿನ ಸಾಕ್ಷಿಯೊಂದು ವಾನ್ಸಿನಾ ಅವರಿಗಿಂತ ಮೊದಲೇ ಸಿಕ್ಕಿತ್ತು. 1908ರ ಸುಮಾರಿಗೆ ಬ್ರಿಟಿಷ್ ಮ್ಯೂಸಿಯಂ ಪರವಾಗಿ ಅಲ್ಲಿಗೆ ಹೋಗಿದ್ದ ಹಂಗೇರಿಯ ಸಂಶೋಧಕ ಎಮಿಲ್ ಟೋರ್ಡೆ ಅವರ ಮುಂದೆ ಅರಮನೆಯ ಹಿರಿಯರು ತಮ್ಮ ಅರಸರ ಹೆಸರುಗಳನ್ನು ಸಾಲಾಗಿ ಹೇಳುತ್ತ ಹೋದರು. ನೂರಕ್ಕೂ ಹೆಚ್ಚು ಹೆಸರುಗಳು. ನಡುವೆ ಒಬ್ಬ ಅರಸನ ಸರದಿ ಬಂದಾಗ, ಇವನ ಕಾಲದಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ, ಒಂದು ದಿನ ನಡುಮಧ್ಯಾಹ್ನ ಸೂರ್ಯ ಆರಿಹೋದದ್ದನ್ನು ಬಿಟ್ಟರೆ ಎಂದರು. ಟೋರ್ಡೆ ಹಿಗ್ಗಿದರು. ಖಗೋಳ ಶಾಸ್ತ್ರದ ಲೆಕ್ಕದಿಂದ ಆ ಪ್ರದೇಶದಲ್ಲಿ ಕಾಣಿಸಿದ್ದ ಗ್ರಹಣವನ್ನು ಹುಡುಕಿದಾಗ ಸಿಕ್ಕ ದಿನಾಂಕ 1680ರ ಮಾರ್ಚ್ 30. ಅಂದರೆ 228 ವರ್ಷಗಳ ಹಿಂದಿನ ಒಂದು ಮಧ್ಯಾಹ್ನವನ್ನು ಬರಹದ ನೆರವಿಲ್ಲದೆ ಆ ಜನ ಕಾಪಾಡಿಕೊಂಡು ಬಂದಿದ್ದರು.

ಇಲ್ಲಿ ನಾವು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗ್ರಹಣದ ಮಾತು ನಿಜವೆಂದ ಮಾತ್ರಕ್ಕೆ ನೂರು ಅರಸರ ಪಟ್ಟಿಯೂ ನಿಜವೇ? ವಾನ್ಸಿನಾ ಹಾಗೆ ಒಪ್ಪಲಿಲ್ಲ. ಪಟ್ಟಿಯ ಆರಂಭದ ಭಾಗ ಅರಮನೆಯ ಘನತೆಯನ್ನು ಹೆಚ್ಚಿಸಲು ಬೆಳೆದಿರಬಹುದು ಎಂಬುದನ್ನು ಅವರು ಗಮನದಲ್ಲಿಟ್ಟುಕೊಂಡರು. ಬಾಯಿಮಾತನ್ನು ಪೂರ್ತಿ ತಳ್ಳಿಹಾಕುವವರು ಒಂದು ಕಡೆ, ಪೂರ್ತಿ ನಂಬುವವರು ಇನ್ನೊಂದು ಕಡೆ. ವಾನ್ಸಿನಾ ಹಿಡಿದದ್ದು ಇವೆರಡರ ನಡುವಿನ ಕಷ್ಟದ ದಾರಿ.

ಪರೀಕ್ಷೆಯ ಕ್ರಮ

1957ರಲ್ಲಿ ಲೂವೆನ್ ವಿಶ್ವವಿದ್ಯಾಲಯದಿಂದ ಅವರಿಗೆ ಡಾಕ್ಟರೇಟ್ ದೊರೆಯಿತು. ಆ ಪ್ರಬಂಧದ ವಿಚಾರಗಳು 1961ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪುಸ್ತಕವಾಗಿ ಬಂದವು. 1965ರಲ್ಲಿ 'ಓರಲ್ ಟ್ರೆಡಿಷನ್' ಎಂಬ ಹೆಸರಿನಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಾಗ ಜಗತ್ತಿನ ಇತಿಹಾಸಕಾರರು ಅತ್ತ ತಿರುಗಿ ನೋಡಿದರು.

ಪುಸ್ತಕದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ಹೇಳಿಕೆಯೊಂದು ನಮ್ಮ ಕಿವಿಗೆ ಬೀಳುವ ಮೊದಲು ಹಲವು ಕೈ ದಾಟಿ ಬಂದಿರುತ್ತದೆ. ಮೊದಲು ಕಣ್ಣಾರೆ ಕಂಡವನು, ಅವನಿಂದ ಕೇಳಿದವನು, ಮತ್ತವನಿಂದ ಕೇಳಿದವನು, ಕೊನೆಗೆ ನಮಗೆ ಹೇಳುತ್ತಿರುವವನು. ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಬೇಕು. ಸನದಿನ ಪರಿಶೀಲನೆಯಲ್ಲಿ ಹದೀಸ್ ವಿದ್ವಾಂಸರು ವಹಿಸಿದ ಶ್ರಮವನ್ನು ಬಲ್ಲ ನಮ್ಮ ಓದುಗರಿಗೆ ಈ ವಿಚಾರ ಅಪರಿಚಿತವೇನಲ್ಲ. ಹೇಳುವವನಿಗೆ ಇದರಲ್ಲಿ ಲಾಭವಿದೆಯೇ? ಮಾತುಗಳು ಪದ್ಯದಂತೆ ಬದಲಿಸಲಾಗದ ರೂಪದಲ್ಲಿವೆಯೇ, ಅಥವಾ ಕಥೆಯಂತೆ ಪ್ರತಿ ಸಲವೂ ಹೊಸದಾಗಿ ಹೇಳುವಂಥವೇ? ತಪ್ಪು ಹೇಳಿದರೆ ತಿದ್ದುವವರು ಸಭೆಯಲ್ಲಿ ಇದ್ದರೇ? ಅದೇ ಘಟನೆಯನ್ನು ಸೋತವರ ಕಡೆಯವರು, ಪಕ್ಕದ ಊರಿನವರು ಹೇಗೆ ಹೇಳುತ್ತಾರೆ? ಇಷ್ಟೂ ಆದ ಮೇಲೆ ಉತ್ಖನನ, ಭಾಷೆ, ಹೊರಗಿನವರ ಬರಹ ಇವುಗಳೊಡನೆ ಹೋಲಿಸಬೇಕು.

ಇನ್ನೊಂದು ಭೇದವನ್ನೂ ಅವರು ಸ್ಪಷ್ಟಪಡಿಸಿದರು. ಬದುಕಿರುವವರು ತಾವೇ ಕಂಡು ಅನುಭವಿಸಿದ್ದನ್ನು ಹೇಳಿದರೆ ಅದು ಮೌಖಿಕ ಇತಿಹಾಸ. ತಲೆಮಾರು ದಾಟಿ ಬಂದದ್ದು ಮೌಖಿಕ ಪರಂಪರೆ. ಮೊದಲನೆಯದರ ಸಂಗ್ರಹ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1948ರಲ್ಲಿ ಅಲನ್ ನೆವಿನ್ಸ್ ಅವರಿಂದ ವ್ಯವಸ್ಥಿತವಾಗಿ ಆರಂಭವಾಗಿತ್ತು. ಎರಡನೆಯದಕ್ಕೆ ಶಾಸ್ತ್ರೀಯ ಕ್ರಮ ಒದಗಿಸಿದ ಶ್ರೇಯಸ್ಸು ಮುಖ್ಯವಾಗಿ ವಾನ್ಸಿನಾ ಅವರದು.

ಮ್ಯಾಡಿಸನ್ನಿನ ಮೇಷ್ಟ್ರು

1960ರಲ್ಲಿ ಅವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದರು. ಮ್ಯಾಡಿಸನ್ ನಗರದ ಈ ವಿಶ್ವವಿದ್ಯಾಲಯದಲ್ಲಿ ಅವರೂ ಫಿಲಿಪ್ ಕರ್ಟಿನ್ ಅವರೂ ಸೇರಿ ಆಫ್ರಿಕಾ ಇತಿಹಾಸದ ಅಧ್ಯಯನಕ್ಕೆ ಭದ್ರವಾದ ನೆಲೆ ಕಟ್ಟಿದರು. ಅದೇ ವರ್ಷ ಕಾಂಗೋ, ನೈಜೀರಿಯಾ, ಸೆನೆಗಲ್, ಸೊಮಾಲಿಯಾ ಮುಂತಾಗಿ ಹದಿನೇಳು ಆಫ್ರಿಕನ್ ದೇಶಗಳು ಸ್ವತಂತ್ರವಾದವು ಎಂಬುದನ್ನು ನೆನೆಯಿರಿ. ಸ್ವಾತಂತ್ರ್ಯ ಪಡೆದ ಜನ ತಮ್ಮ ಮಕ್ಕಳಿಗೆ ಯಾವ ಇತಿಹಾಸ ಕಲಿಸಬೇಕು? ಆಳಿದವರ ಕಡತಗಳಲ್ಲಿ ಇದ್ದದ್ದನ್ನೇ? ಈ ಅಗತ್ಯದ ಹೊತ್ತಿನಲ್ಲಿ ವಾನ್ಸಿನಾ ಅವರ ಕೆಲಸಕ್ಕೆ ಬಹಳ ಬೆಲೆ ಬಂತು. 1966ರಲ್ಲಿ ಅವರ 'ಕಿಂಗ್‌ಡಮ್ಸ್ ಆಫ್ ದ ಸವಾನಾ' ಪ್ರಕಟವಾಯಿತು. 1978ರಲ್ಲಿ ಕುಬಾ ಜನರ ಇತಿಹಾಸವಾದ 'ದ ಚಿಲ್ಡ್ರನ್ ಆಫ್ ವೂಟ್' ಬಂತು. ಯುನೆಸ್ಕೋ ಹೊರತಂದ ಆಫ್ರಿಕಾದ ಸಮಗ್ರ ಇತಿಹಾಸ ಸಂಪುಟಗಳಲ್ಲೂ ಅವರ ಪಾಲಿದೆ.

ಮ್ಯಾಡಿಸನ್ನಿಗೆ ಅವರನ್ನು ಹುಡುಕಿಕೊಂಡು ಬಂದವರಲ್ಲಿ ಒಬ್ಬರ ಹೆಸರು ನಿಮಗೆ ಗೊತ್ತಿರಬಹುದು. ಅವರು ಕರಿಯ ಅಮೆರಿಕನ್ ಲೇಖಕ ಅಲೆಕ್ಸ್ ಹೇಲಿ. ಗುಲಾಮನಾಗಿ ಸಾಗಿಸಲ್ಪಟ್ಟ ತಮ್ಮ ಮೂಲಪುರುಷನ ಬಗ್ಗೆ ಮನೆಯ ಹಿರಿಯ ಹೆಂಗಸರು ಹೇಳುತ್ತಿದ್ದ ಕಥೆ, ಅದರಲ್ಲಿ ಉಳಿದಿದ್ದ ಒಂದೆರಡು ಅರ್ಥವಾಗದ ಶಬ್ದಗಳು, ಇಷ್ಟೇ ಹೇಲಿ ಅವರ ಬಳಿ ಇದ್ದ ಆಸ್ತಿ. ವಾನ್ಸಿನಾ ಆ ಶಬ್ದಗಳನ್ನು ಕೇಳಿ, ಇವು ಪಶ್ಚಿಮ ಆಫ್ರಿಕಾದ ಮಂಡಿಂಕಾ ಭಾಷೆಯವಿರಬೇಕು, 'ಕಾಂಬಿ ಬೊಲೊಂಗೊ' ಎಂಬುದು ಗ್ಯಾಂಬಿಯಾ ನದಿಯ ಹೆಸರಿರಬೇಕು ಎಂದು ದಾರಿ ತೋರಿಸಿದರು. ಹೇಲಿ ಗ್ಯಾಂಬಿಯಾಕ್ಕೆ ಹೋದರು. 1967ರಲ್ಲಿ ಜುಫುರೆ ಎಂಬ ಹಳ್ಳಿಯಲ್ಲಿ ಹಿರಿಯರೊಬ್ಬರು ಕುಂಟಾ ಕಿಂಟೆಯ ವಂಶದ ಕಥೆ ಹೇಳಿದರು. 1976ರಲ್ಲಿ 'ರೂಟ್ಸ್' ಪ್ರಕಟವಾಗಿ ಲೋಕಪ್ರಸಿದ್ಧವಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗ್ಯಾಂಬಿಯಾದ ಇತಿಹಾಸವನ್ನು ಅಭ್ಯಸಿಸಿದ ಡೊನಾಲ್ಡ್ ರೈಟ್ 1981ರಲ್ಲಿ ಬರೆದ ಲೇಖನದಲ್ಲಿ ಆ ಹಿರಿಯರ ಹೇಳಿಕೆಯನ್ನು ಪ್ರಶ್ನಿಸಿದರು. ಬಂದವರು ಏನನ್ನು ಹುಡುಕುತ್ತಿದ್ದಾರೆ ಎಂಬುದು ಅಲ್ಲಿನವರಿಗೆ ಮೊದಲೇ ತಿಳಿದಿತ್ತು. ಅತಿಥಿಗೆ ಬೇಕಾದದ್ದನ್ನೇ ಆತಿಥೇಯರು ಕೊಟ್ಟರು. ಹೇಲಿ ಅವರ ಮನೆಯಲ್ಲಿ ಉಳಿದಿದ್ದ ಶಬ್ದಗಳು ಒಂದು ಬಗೆಯ ಸಾಕ್ಷ್ಯ, ನಿರೀಕ್ಷೆಯನ್ನು ಅರಿತು ಹೇಳಿದ ವಂಶಾವಳಿ ಬೇರೆ ಬಗೆಯದು. ಎರಡನ್ನೂ ಒಂದೇ ಎಂದು ತಿಳಿದರೆ ಮೋಸ ಹೋಗುತ್ತೇವೆ. ವಾನ್ಸಿನಾ ಅವರ ಪರೀಕ್ಷೆಯ ಕ್ರಮ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ತಮ್ಮನ್ನೇ ತಿದ್ದಿಕೊಂಡ ವಿದ್ವಾಂಸ

ವಾನ್ಸಿನಾ ಅವರನ್ನು ವಿಮರ್ಶಿಸಿದವರು ಹಲವರು. ಈ ಪರಂಪರೆಗಳು ಹಿಂದಿನದನ್ನು ಹೇಳುವುದಿಲ್ಲ, ಇಂದಿನ ಸಮಾಜವನ್ನು ಸಮರ್ಥಿಸುತ್ತವೆ ಅಷ್ಟೆ ಎಂದು ಕೆಲವು ಮಾನವಶಾಸ್ತ್ರಜ್ಞರು ವಾದಿಸಿದರು. ಅವರ ಸ್ವಂತ ಶಿಷ್ಯರಾದ ಡೇವಿಡ್ ಹೆನಿಗೆ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರಸರ ಪಟ್ಟಿಗಳನ್ನು ನಂಬಿ ಕಾಲಗಣನೆ ಮಾಡುವುದು ಎಷ್ಟು ಅಪಾಯಕರ ಎಂದು ತೋರಿಸಿದರು. ಪುಸ್ತಕದಲ್ಲಿ ಅಚ್ಚಾದದ್ದನ್ನೇ ಜನ ಓದಿ ಕೇಳಿ, ಮುಂದೆ ಅದನ್ನೇ ಪರಂಪರೆ ಎಂದು ಹೇಳುವುದೂ ಉಂಟು ಎಂದು ಎಚ್ಚರಿಸಿದವರೂ ಅವರೇ.

ಗುರುಗಳಾದವರು ಇದಕ್ಕೆ ಸಿಟ್ಟಾಗಲಿಲ್ಲ. ಹಳೆಯ ಪುಸ್ತಕವನ್ನು ಅಲ್ಲಲ್ಲಿ ತಿದ್ದಿ ಮರುಮುದ್ರಿಸುವ ಸುಲಭದ ದಾರಿಯನ್ನೂ ಹಿಡಿಯಲಿಲ್ಲ. 1985ರಲ್ಲಿ 'ಓರಲ್ ಟ್ರೆಡಿಷನ್ ಆಸ್ ಹಿಸ್ಟರಿ' ಎಂಬ ಹೊಸ ಪುಸ್ತಕವನ್ನೇ ಬರೆದರು. ನೆನಪಿನ ಮಿತಿಯನ್ನು ಅದರಲ್ಲಿ ಒಪ್ಪಿಕೊಂಡು ವಿವರಿಸಿದರು. ಜನ ತೀರ ಹತ್ತಿರದ ಕಾಲವನ್ನು ವಿವರವಾಗಿ ಹೇಳುತ್ತಾರೆ, ತೀರ ಆದಿಯನ್ನೂ ವಿವರವಾಗಿ ಹೇಳುತ್ತಾರೆ, ನಡುವಿನ ಕಾಲ ಬರಿದಾಗಿರುತ್ತದೆ. ತಲೆಮಾರು ಕಳೆದಂತೆ ಈ ಬರಿದು ಜಾಗವೂ ಮುಂದೆ ಮುಂದೆ ಸರಿಯುತ್ತದೆ. ಇದನ್ನು ಅವರು ತೇಲುವ ಅಂತರ ಎಂದು ಕರೆದರು. ನಿಮ್ಮ ಮನೆಯಲ್ಲೇ ಪರೀಕ್ಷಿಸಿ ನೋಡಿ. ಅಜ್ಜನ ಬಗ್ಗೆ ಹತ್ತು ಸಂಗತಿ ಗೊತ್ತು, ಮನೆತನದ ಮೂಲಪುರುಷ ಎಲ್ಲಿಂದ ಬಂದ ಎಂಬ ಕಥೆ ಗೊತ್ತು. ಅಜ್ಜನ ಅಜ್ಜನ ಹೆಸರು ಗೊತ್ತೇ?

1990ರಲ್ಲಿ ಬಂದ 'ಪಾತ್ಸ್ ಇನ್ ದ ರೇನ್‌ಫಾರೆಸ್ಟ್ಸ್' ಇನ್ನೂ ಮುಂದಿನ ಹೆಜ್ಜೆ. ಸಮಭಾಜಕ ಕಾಡುಗಳಲ್ಲಿ ಪರಂಪರೆಯ ನೆನಪು ಬಹಳ ಹಿಂದಕ್ಕೆ ಹೋಗದು. ಅದಕ್ಕೆ ಅವರು ಪದಗಳ ಮೊರೆ ಹೋದರು. ನೆರೆಹೊರೆಯ ಬಂಟು ಭಾಷೆಗಳಲ್ಲಿ ಬೆಳೆ, ಉಪಕರಣ, ಅಧಿಕಾರಸ್ಥಾನಗಳಿಗೆ ಇರುವ ಹೆಸರುಗಳನ್ನು ಹೋಲಿಸಿ, ಯಾವುದು ಎಲ್ಲಿಂದ ಎಲ್ಲಿಗೆ ಹರಡಿತು ಎಂದು ತಿಳಿಯುವ ಪ್ರಯತ್ನ ಅದು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಬೇಕು ಎಂಬುದು ಅವರ ಜೀವನದ ಪಾಠ.

ರುವಾಂಡಾ ಮತ್ತು ಲಿಬಿಯಾ

ಇತಿಹಾಸದ ಪರೀಕ್ಷೆ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದು ಎಂದು ನೀವು ಭಾವಿಸಬಹುದು. ಎರಡು ಸಂಗತಿ ಕೇಳಿ.

1950ರ ದಶಕದ ಕೊನೆಯಲ್ಲಿ ವಾನ್ಸಿನಾ ರುವಾಂಡಾದಲ್ಲಿ ಸ್ಥಳೀಯ ಸಹಾಯಕರೊಡನೆ ಅರಸರ ಕಾಲದ ನೂರಾರು ಕಥನಗಳನ್ನು ಬರೆದುಕೊಂಡಿದ್ದರು. ಆ ದೇಶದಲ್ಲಿ ತುತ್ಸಿಗಳು ಬೇರೆ ಜನಾಂಗದವರು, ಉತ್ತರದಿಂದ ದಂಡೆತ್ತಿ ಬಂದು ಹುಟುಗಳನ್ನು ಗೆದ್ದವರು ಎಂಬ ಕಥೆಯನ್ನು ವಸಾಹತು ಕಾಲದ ಬರಹಗಾರರು ಹರಡಿದ್ದರು. ಆ ಕಥೆಯೇ ಮುಂದೆ ದ್ವೇಷದ ಆಯುಧವಾಯಿತು. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು, ಅವರಲ್ಲಿ ಹೆಚ್ಚಿನವರು ತುತ್ಸಿಗಳು. ಅದಾದ ಮೇಲೆ ವಾನ್ಸಿನಾ ತಮ್ಮ ಹಳೆಯ ಸಂಗ್ರಹವನ್ನು ಮತ್ತೆ ಕೈಗೆತ್ತಿಕೊಂಡು, ರುವಾಂಡಾದ ಪ್ರಾಚೀನ ರಾಜ್ಯದ ಇತಿಹಾಸವನ್ನು ಹೊಸದಾಗಿ ಬರೆದರು. ಅದರ ಇಂಗ್ಲಿಷ್ ಆವೃತ್ತಿ 2004ರಲ್ಲಿ ಬಂತು. ದಂಡೆತ್ತಿ ಬಂದ ಜನಾಂಗದ ಕಥೆಗೆ ಆಧಾರವಿಲ್ಲ, ಹುಟು–ತುತ್ಸಿ ಬಿರುಕು ಆಳವಾದದ್ದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ, ರೈತರ ಮೇಲೆ ಹೇರಿದ ಬಿಟ್ಟಿ ದುಡಿಮೆಯಂಥ ಕಾರಣಗಳಿಂದ ಎಂದು ಅವರು ವಾದಿಸಿದರು. ಅರಮನೆಯ ಕಥನಗಳನ್ನು ನಂಬಿ ತಾವೇ ಹಿಂದೆ ಬರೆದದ್ದನ್ನು ತಿದ್ದಿಕೊಳ್ಳಲೂ ಹಿಂಜರಿಯಲಿಲ್ಲ.

ಎರಡನೆಯದು ಲಿಬಿಯಾ. 1911ರಲ್ಲಿ ಇಟಲಿ ಆ ದೇಶದ ಮೇಲೆ ದಾಳಿ ಮಾಡಿತು. ಪ್ರತಿರೋಧದ ನಾಯಕ ಉಮರ್ ಮುಖ್ತಾರ್ ಅವರನ್ನು 1931ರಲ್ಲಿ ಗಲ್ಲಿಗೇರಿಸಲಾಯಿತು. ಪೂರ್ವ ಲಿಬಿಯಾದ ಹಳ್ಳಿಗಾಡಿನ ಜನರನ್ನು ಹೆಂಗಸರು ಮಕ್ಕಳೆನ್ನದೆ ಮರುಭೂಮಿಯ ಬಂಧನ ಶಿಬಿರಗಳಿಗೆ ಅಟ್ಟಲಾಯಿತು. ಅಲ್ಲಿ ಸಾವಿರಾರು ಜನ ಹಸಿವು ರೋಗಗಳಿಂದ ಸತ್ತರು. ಇದರ ಸರ್ಕಾರಿ ಕಡತಗಳೆಲ್ಲ ಆಳಿದವರ ಕೈಯಲ್ಲಿ. ಬದುಕುಳಿದವರ ಬಳಿ ನೆನಪು ಮತ್ತು ಶಿಬಿರದಲ್ಲೇ ಕಟ್ಟಿ ಬಾಯಿಂದ ಬಾಯಿಗೆ ದಾಟಿಸಿದ ಪದ್ಯಗಳು. 1970ರ ದಶಕದ ಕೊನೆಯಲ್ಲಿ ಟ್ರಿಪೋಲಿಯ ಸಂಶೋಧನಾ ಕೇಂದ್ರವೊಂದು ಆ ಮುದುಕರ ಹೇಳಿಕೆಗಳನ್ನು ಧ್ವನಿಮುದ್ರಿಸಲು ಹೊರಟಾಗ, ಸಂದರ್ಶಕರಿಗೆ ತರಬೇತಿ ಕೊಡಲು ನೆರವಾದವರು ವಾನ್ಸಿನಾ. ಆ ಕೆಲಸ ಇಪ್ಪತ್ತು ವರ್ಷ ತಡವಾಗಿದ್ದರೆ ಹೇಳುವವರಲ್ಲಿ ಎಷ್ಟು ಮಂದಿ ಉಳಿದಿರುತ್ತಿದ್ದರು?

ನಮ್ಮ ಪಾಲಿನ ಕೆಲಸ

1994ರಲ್ಲಿ ನಿವೃತ್ತರಾದ ಮೇಲೂ ವಾನ್ಸಿನಾ ಬರೆಯುವುದನ್ನು ನಿಲ್ಲಿಸಲಿಲ್ಲ. ತಾವು 1950ರ ದಶಕದಲ್ಲಿ ಕುಬಾ ಹಳ್ಳಿಗಳಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳ ಆಧಾರದಿಂದ, ವಸಾಹತು ಆಳ್ವಿಕೆಯನ್ನು ಸಾಮಾನ್ಯ ಜನ ಹೇಗೆ ಅನುಭವಿಸಿದರು ಎಂಬ ಪುಸ್ತಕವನ್ನು 2010ರಲ್ಲಿ ಪ್ರಕಟಿಸಿದರು. ಅಂದು ಮಾತಾಡಿದ ವಯಸ್ಸಾದವರು ಕಣ್ಮರೆಯಾಗಿ ಎಷ್ಟೋ ವರ್ಷಗಳಾಗಿದ್ದವು. ಅವರ ಮಾತು ಉಳಿದಿತ್ತು, ಏಕೆಂದರೆ ಒಬ್ಬ ಯುವಕ ಕುಳಿತು ಕೇಳಿ ಬರೆದುಕೊಂಡಿದ್ದ. 2017ರ ಫೆಬ್ರವರಿಯಲ್ಲಿ ಮ್ಯಾಡಿಸನ್ನಿನಲ್ಲಿ ವಾನ್ಸಿನಾ ನಿಧನರಾದರು. ಆಗ ಅವರಿಗೆ 87 ವರ್ಷ.

ವಿದ್ಯಾರ್ಥಿ ಮಿತ್ರರೇ, ಈ ಲೇಖನ ಓದಿ ನೀವು ಇತಿಹಾಸಕಾರರಾಗಲೇಬೇಕೆಂದಿಲ್ಲ. ಆದರೆ ನಿಮ್ಮ ಮನೆಯಲ್ಲಿ, ಮೊಹಲ್ಲಾದಲ್ಲಿ ಎಂಬತ್ತು ದಾಟಿದ ಹಿರಿಯರು ಇದ್ದೇ ಇರುತ್ತಾರೆ. ಅವರು ಕಂಡ ಬರ, ಮಾಡಿದ ಕಸುಬು, ಮೊದಲ ಬಾರಿ ಶಾಲೆಗೆ ಹೋದ ಹೆಣ್ಣುಮಗಳು, ಬಿಟ್ಟುಬಂದ ಊರು, ಇವು ಯಾವ ಗೆಜೆಟಿಯರಿನಲ್ಲೂ ಇರಲಾರವು. ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನೇ ಧ್ವನಿಮುದ್ರಣ ಯಂತ್ರ. ಮೊದಲು ಅವರ ಒಪ್ಪಿಗೆ ಪಡೆಯಿರಿ. ಹೆಸರು, ಊರು, ದಿನಾಂಕ ಬರೆದಿಡಿ. ನೀವು ಕಣ್ಣಾರೆ ಕಂಡದ್ದೇ, ಯಾರಿಂದಲಾದರೂ ಕೇಳಿದ್ದೇ ಎಂದು ತಪ್ಪದೆ ಕೇಳಿ. ಉತ್ತರವನ್ನು ನೀವೇ ಅವರ ಬಾಯಿಗೆ ಹಾಕಬೇಡಿ. ಅದೇ ಸಂಗತಿಯನ್ನು ಇನ್ನೊಬ್ಬರಿಂದಲೂ ಕೇಳಿ. ಇಬ್ಬರ ಮಾತು ಬೇರೆಯಾದರೆ ಎರಡನ್ನೂ ಹಾಗೆಯೇ ಬರೆದುಕೊಳ್ಳಿ. ಹಿರಿಯರ ಮಾತನ್ನು ಪರೀಕ್ಷಿಸುವುದು ಅಗೌರವವಲ್ಲ, ಅದನ್ನು ಸಾಕ್ಷ್ಯವೆಂದು ಒಪ್ಪಿದವರು ಮಾತ್ರ ಪರೀಕ್ಷಿಸುತ್ತಾರೆ.

ಈ ರಜೆಯಲ್ಲಿ ಒಬ್ಬ ಹಿರಿಯರ ಬಳಿ ಒಂದು ಗಂಟೆ ಕುಳಿತು ನೋಡಿ. ಪರೀಕ್ಷೆ ಮುಗಿಯಲಿ, ಮುಂದಿನ ವರ್ಷ ನೋಡೋಣ ಎನ್ನಬೇಡಿ. ಮುಂದಿನ ವರ್ಷ ನೀವಿರುತ್ತೀರಿ, ಅವರು ಇರುತ್ತಾರೆಯೇ ಎಂಬುದು ನಮ್ಮ ಕೈಯಲ್ಲಿಲ್ಲ.